ಬದಲಿ

ಬೋರ್ಡಿನ ಮೇಲೆ ಮ್ಯಾನೇಜರು ಬರೆದರು:
ಇಂದು ವಿಮಲಾಬಾಯಿಯವರ ಬದಲು ಚೋಂ—
ಅಷ್ಟಕ್ಕೇ ಸೀಮೆಸುಣ್ಣ ಮುಗಿಯಿತು.
ಕಾಫಿ ಕಣದಿಂದ ನೇರ ಬಂದವನೊಬ್ಬ
ಟಿಕೇಟಿನ ದುಡ್ಡು ವಾಪಸ್ ಕೇಳಿದ.
ಗೋಣಿಕೊಪ್ಪ. ನನ್ನದೇ ಊರು.

ಅವರ ರವಿಕೆ, ಏಳು ಪಿನ್ನು.
ಅವರ ಶ್ರುತಿಗೇ ಕೂತ ಹಾರ್ಮೋನಿಯಂ.
ಪೌಡರಿನ ಕೆಳಗೆ ಚಳಿಗೆ ಬಿಗಿದ ನನ್ನ ಮುಖ.
ಹದಿನಾಲ್ಕು ತಿಂಗಳು ಸೈಡ್‌ವಿಂಗಿನ ಸ್ಟೂಲಿನಲ್ಲಿ
ತುಟಿಯಲ್ಲೇ ಆಡಿದ್ದೆ ಅವರ ಒಂದೊಂದು ಮಾತು.
ಅವರಿಗೆ ಜ್ವರ ಬರಲೆಂದು
ಇಗ್ಗುತಪ್ಪನನ್ನು ಬೇಡಿದ್ದೂ ಉಂಟು,
ಸಣ್ಣ ಜ್ವರ, ಒಂದೇ ರಾತ್ರಿಯದು.

ಜ್ವರವಲ್ಲ. ಮೈಸೂರಿನ ಬಸ್ಸು
ತಿತಿಮತಿಯ ಹತ್ತಿರ, ಆನೆ ದಾಟಲೆಂದು,
ದೀಪ ಆರಿಸಿ ನಿಂತಿತ್ತು.

ಎರಡನೇ ಅಂಕ. ಮಗನ ಹೆಣದ ಮುಂದೆ
ಅವರು ದಿನಾ ಕೆಮ್ಮುವ ಜಾಗ.
ನಾಟಕದ್ದಲ್ಲ ಆ ಕೆಮ್ಮು, ಬೀಡಿಯದ್ದು.
ತಬಲದವನು ಬೆರಳೆತ್ತಿ ಕಾದ.
ಕೆಮ್ಮಿಬಿಟ್ಟೆ.
ಜನ ಅತ್ತರು.

ತಿರುಗಿದರೆ ನನ್ನ ಸ್ಟೂಲಿನ ಮೇಲೆ ಅವರು,
ಧೂಳು ಮೆತ್ತಿದ ಚಪ್ಪಲಿ, ಮಡಿಲಲ್ಲಿ ಚೀಲ,
ತುಟಿ ಆಡುತ್ತಿದೆ.
ಮುಂದಿನ ಮಾತು ಮರೆತೇಹೋಯಿತು ನನಗೆ.
ಸದ್ದಿಲ್ಲದೆ
ಅವರೇ ಕೊಟ್ಟರು.