ಕೆಂಪಿಲ್ಲದ ಜಾಗ

ಏಳನೆಯ ಟೋಕನ್ನು. ಪ್ರಮಿಳಾ ಹರಿಕಂತ್ರ, ಹನ್ನೊಂದು ವರ್ಷ.
ಎಡಗೊರಳಲ್ಲಿ, ದವಡೆ ತಿರುಗುವಲ್ಲಿ, ನಿಂಬೆಯಷ್ಟು ಬಾವು.
ಮೇಲೆ ಕರಿದಾರ, ಒಣಗಿ ಬಿರಿದ ಲೇಪ.
ಗಂಡಮಾಲೆ ಎಂದು ಚೆಂಡಿಯಾದಲ್ಲಿ ಯಾರೋ ಹಚ್ಚಿದ್ದಂತೆ.

ತಾಯಿ ಶೇವಂತಿ ಬೈತಖೋಲದ ಧಕ್ಕೆಯಿಂದ ನೇರ ಬಂದವಳು.
ಬುಟ್ಟಿ ಹೊರಗೆ, ವಾಚ್‌ಮನ್ನನ ಕುರ್ಚಿಯಡಿ.
ವಾಸನೆ ಮಾತ್ರ ಒಳಗೆ ಬಂದು ಏಸಿಯಲ್ಲಿ ನಮ್ಮೊಂದಿಗೆ ಕೂತಿತು.

ನಾಲಿಗೆ ಚಾಚು ಅಂದೆ. ಚಾಚಿದಳು,
ಐಸ್‌ಕ್ಯಾಂಡಿಯ ಕಿತ್ತಳೆ ಇನ್ನೂ ಅಲ್ಲಿತ್ತು.
ಬಾವು ಅಲುಗಲಿಲ್ಲ.
ಮೇಲೇರಿದ್ದರೆ ಅದು ಬೇರೆ ಕಥೆ,
ನಾಲಿಗೆಯ ಬುಡದಿಂದ ಥೈರಾಯ್ಡು ಇಳಿದ ಹಾದಿಯದು.

ಜೆಲ್ಲಿನ ತಣ್ಪಿಗೆ ಹುಡುಗಿ ಭುಜ ಕುಗ್ಗಿಸಿದಳು.
ತೆರೆಯ ಮೇಲೊಂದು ಕಪ್ಪು ಮಡು,
ತೆಳು ಗೋಡೆ, ತಳದಾಚೆ ಚೆಲ್ಲಿದ ಬಿಳುಪು:
ಒಳಗಿರುವುದು ನೀರು.
ಪ್ರೋಬು ಒತ್ತಿದರೆ ಬಗ್ಗಡ ಎದ್ದು ಸುತ್ತಿತು
ಭರತದ ಹೊತ್ತು ಕಾಳಿಯ ಅಳಿವೆಯ ಹಾಗೆ.

ಬಣ್ಣ ಹಾಕಿದೆ.
ಪಕ್ಕದಲ್ಲಿ ಕೆರೋಟಿಡ್ ಕೆಂಪಗೆ ಬಡಿಯುತ್ತಿದೆ.
ಗಂಟಿನೊಳಗೆ ಏನೂ ಇಲ್ಲ.

"ಕೆಂಪೇ ಇಲ್ವಲ್ರಾ ಬಾಯಿ."
ಇಪ್ಪತ್ತು ವರ್ಷ ಬಂಗಡೆಯ ಕಿವಿರೆತ್ತಿ ಗಿರಾಕಿಗೆ ತೋರಿಸಿದವಳು:
ಕೆಂಪಾದರೆ ಇವತ್ತಿನದು,
ಮಾಸಿದ್ದರೆ ನಿನ್ನೆಯದು, ಬೂದಿಯಾದರೆ ಬೆಕ್ಕಿಗೆ.
ಇಲ್ಲಿ ಕೆಂಪಿಲ್ಲದಿರುವುದೇ ಒಳ್ಳೆಯದು ಅಂದೆ.
ನಂಬಲಿಲ್ಲ.

ವರದಿಯಲ್ಲಿ ಬೆರಳು ಬಡಿದದ್ದು: ಬ್ರಾಂಕಿಯಲ್ ಸಿಸ್ಟ್.
ಕಿವಿರಿಗೆ ಗ್ರೀಕರಿಟ್ಟ ಹೆಸರು ಅದರೊಳಗಿದೆ.
ಹೇಳಲೇ? ಹೆಸರುಕಾಳಿನಷ್ಟಿದ್ದಾಗ
ಎಲ್ಲರ ಕೊರಳಲ್ಲೂ ಸಾಲು ಮಡಿಕೆ, ನಡುನಡುವೆ ಸೀಳು;
ಮೀನಿಗೆ ಅವು ಕಿವಿರಾದವು, ನಮಗೆ ಮುಚ್ಚಿಹೋದವು,
ನಿನ್ನ ಮಗಳದೊಂದು ಮುಚ್ಚಲು ಮರೆಯಿತು ಎಂದು?

ಹೇಳಲಿಲ್ಲ. ಆಗಲೇ ಕೇಳಿಯಾಗಿತ್ತು ಅವಳು:
"ಇವ್ಳು ಹೊಟ್ಟೇಲಿದ್ದಾಗ ಗ್ರಹಣದ ದಿನ ಇಸ್ವಾಣ ಕೊಯ್ದಿದ್ದೆ. ಅದ್ಕೇ ಆಯ್ತಾ?"

ಅಲ್ಲ ಅಂದೆ. ಎರಡು ಸಲ ಅಂದೆ.
ಹುಟ್ಟಿನಿಂದ ಇದ್ದ ಖಾಲಿ ಚೀಲ,
ಹೋದ ತಿಂಗಳ ನೆಗಡಿಗೆ ತುಂಬಿಕೊಂಡಿದೆ. ತೆಗೆಯಬಹುದು.
ಅದರ ಬಾಲ ಎಲ್ಲಿಯವರೆಗೆ ಹೋಗಿದೆ, ಎಮ್ಮಾರೈನಲ್ಲಿ ನೋಡಲಿ.
"ಹುಬ್ಬಳ್ಳಿಗೆ ಬೆಳಿಗ್ಗೆ ಬಸ್ಸು ಎಷ್ಟಕ್ಕೆ?"

ಸೆರಗಿನಲ್ಲಿ ಮಗಳ ಕೊರಳ ಜೆಲ್ಲು ಒರೆಸಿದಳು.
ದವಡೆಯ ಕೆಳಗೆ, ಕಿವಿರೆತ್ತಿ ಎತ್ತಿ ದಡ್ಡುಗಟ್ಟಿದ ಹೆಬ್ಬೆರಳು
ತಾನಾಗಿ ನಿಂತಿತು.
ನನ್ನ ಮುಖ ನೋಡಿದಳು. ನಾನು ಪ್ರಿಂಟರ್ ನೋಡಿದೆ.

ಹೊರಗೆ ವಾಚ್‌ಮನ್ ಆಗಲೇ ನಾಲ್ಕು ಬಂಗಡೆ ಆರಿಸಿಟ್ಟಿದ್ದ.
"ಇವತ್ತಿನದೇ" ಅಂದಳು.
ಕಿವಿರೆತ್ತಿ ತೋರಿಸಲಿಲ್ಲ,
ಅವನೂ ಕೇಳಲಿಲ್ಲ.