ಡೋಣಿ ಬಸ್ಸಿಗೆ ಮೂರು ಸೊನ್ನಿ

ಆಯ್ತವಾರ ಮಷೀನಿಗೆ ಮುಸುಕು ಹಾಕಿ ಬೆಟಗೇರಿಯಿಂದ ಹೊಂಟೆ.
ಮೂರು ಜಂಪರ ಬಾಕಿ ಇದ್ದವು,
ಒಂದಕ್ಕ ತೋಳಿಲ್ಲ, ಒಂದಕ್ಕ ಗುಂಡಿ ಇಲ್ಲ.
ಇರಲಿ, ಸೋಮವಾರ ಅನ್ನೂದು ಎಲ್ಲಿಗೂ ಓಡಿ ಹೋಗೂದಿಲ್ಲ.

ಗದಗ ಸ್ಟ್ಯಾಂಡಿನ್ಯಾಗ ಮಾಬೂಬಿ ಆಗಲೇ ನಿಂತಿದ್ಲು,
ಗಂಡನ ಹಳೇ ಬೂಟು ಹಾಕ್ಕೊಂಡು, ಮುಂದ ಹತ್ತಿ ತುಂಬಿ.
ಶಾವಂತ್ರವ್ವನ ಬಗಲಾಗ ರೊಟ್ಟಿ ಗಂಟು.
'ಏಳೂವರಿ ಬಸ್ ಎಂಟಕ್ಕ ಬರ್ತದ,
ಎಂಟಕ್ಕ ಬಂದ್ರ ಅದೇ ಏಳೂವರಿ' ಅಂದ್ಲು.

ಕಂಡಕ್ಟರ್ ಮೂರು ಚೀಟಿ ಹರದು ಕೊಟ್ಟ,
ಮೂರರ ಮ್ಯಾಲೂ ಸೊನ್ನಿ.
'ಡೋಣ್ಯಾಗ ಯಾರ ಮನಿಗೆ?'
'ಯಾರ ಮನಿಗೂ ಅಲ್ಲ, ಗುಡ್ಡಕ್ಕ.'
'ಕಟಗಿಗಾ?'
'ಅಲ್ಲ.'
'ಹರಕಿ?'
'ಇಲ್ಲೋ ಯಪ್ಪಾ, ಸುಮ್ಮನ.'
ಆ ಸುಮ್ಮನ ಅನ್ನೂದಕ್ಕ
ಅವನ ಮಷೀನಿನ್ಯಾಗ ಬಟನ್ ಇರಲಿಲ್ಲ.

ಹಿಂದಿನ ಸೀಟಿನ ಕೆಳಗ ಯಾರದೋ ಹೋತಿನ ಮರಿ.
ಅದಕ್ಕ ಮಾತ್ರ ರೊಕ್ಕದ ಟಿಕೀಟು.
'ಗಂಡು ಐತಲ್ಲ, ಅದಕ್ಕ' ಅಂತ ಮಾಬೂಬಿ
ಡಂಬಳದ ಕೆರಿ ಬರೂತನಕಾ ನಕ್ಕಳು.

ಡೋಣ್ಯಾಗ ಇಳಿದ್ವಿ. ಬಸ್ಸಿನ ಧೂಳಿ ಕುಂತ ಮ್ಯಾಲ
ಗುಡ್ಡ ಕಂಡ್ತು.

ದೂರಿಂದ ಬೋಳು ಅಂತಾರ ಕಪ್ಪತಗುಡ್ಡಕ್ಕ.
ಬೋಳಲ್ಲ, ಮೊಣಕಾಲೆತ್ತರದ ಕಾಡು ಅದು,
ಬಗ್ಗಿದವರಿಗೆ ಕಾಣ್ತದ:
ಬಂದರಿಕಿ, ತಂಗಡಿ, ಕಾರಿಕಂಟಿ, ಕವಳಿ,
ತಿಕ್ಕಿದ್ರ ಲಿಂಬಿ ವಾಸನಿ ಕೊಡೂ ಹುಲ್ಲು.
ಆ ಹುಲ್ಲು ಶಾವಂತ್ರವ್ವ ಮೂಗಿಗೆ ಹಿಡಿದಾಕಿ
ಎಷ್ಟೊತ್ತಾದ್ರೂ ಬಿಡಲಿಲ್ಲ.
ಎರಡು ವರ್ಷ ಗಂಡನ ಜಡ್ಡಿನ ಹಾಸಿಗಿ ವಾಸನಿ ಬಿಟ್ರ
ಆಕಿಗೆ ಬ್ಯಾರೆ ವಾಸನಿ ಇರಲಿಲ್ಲ.
ನಾವು ಏನೂ ಕೇಳಲಿಲ್ಲ. ನೀರಿನ ಬಾಟ್ಲಿ ಕೊಟ್ವಿ.

ಕೆಳಗ ಒಂದು ಬಿಳಿ ಕಾರು ಬಂದು ನಿಂತು
'ಮ್ಯಾಲಿನ ತನಕಾ ಗಾಡಿ ಹೋಗ್ತದೇನ್ರಿ?' ಅಂತ ಕುರಿಯವನನ್ನ ಕೇಳಿತು.
ಅಂವ ಕಾಲು ತೋರಿಸಿದ.
ಕಾರು ಬಾಗಿಲ ಸೈತ ತಗೀದ ಹಿಂದಕ್ಕ ಸರೀತು.

ಗಾಳಿ ಫ್ಯಾನಿನ ನೆರಳು
ನಮ್ಮ ರೊಟ್ಟಿ ಮ್ಯಾಲ ಹಾದು ಹೋಗ್ತಿತ್ತು,
ಹೋಗ್ತಿತ್ತು, ಬರ್ತಿತ್ತು.
ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಕಲ್ಲಿನ ಬಿಸಿ.
ಮೂವರೂ ಮಾತು ಬಿಟ್ಟು
ಯಾರೂ ಯಾರಿಗೂ ಬೇಕಾಗದ ಒಂದು ತಾಸು ಕುಂತ್ವಿ.

ನಾಕೂಕಾಲಿನ ಬಸ್ಸಿಗೆ ಇಳಿದು ನೋಡಿದ್ರ ನಾವು ಇಬ್ಬರೇ.
ಮಾಬೂಬಿ ಹಳ್ಳದ ಹತ್ರ ಹಿಂದ ಉಳದಿದ್ಲು.
ಡ್ರೈವರ್ ಗೇರ್ ಹಾಕಿದ.
'ತಡಿ' ಅಂದ ಕಂಡಕ್ಟರ್,
'ಮುಂಜಾನಿ ಮೂರು ಸೊನ್ನಿ ಹರದೀನಿ. ಎರಡು ಬಂದಾವು.'

ಹಾರ್ನ್ ಹೊಡದ್ರು. ಗುಡ್ಡ ಅದನ್ನ ತಿರುಗಿಸಿ ಕೊಡ್ತು.
ಮತ್ತ ಹೊಡದ್ರು.
'ಬಿಡ್ರಿ ಗಾಡಿ' ಅಂದ ಒಬ್ಬಾಂವ.
'ನಿನ್ನ ಹೆಂಡತಿ ಆಗಿದ್ರ?' ಅಂದ್ಲು ಬುಟ್ಟಿಯಾಕಿ.
'ಆಗಿದ್ರ ಬಿಡ್ರಿ ಅಂತಿದ್ದೆ' ಅಂದ, ಬಸ್ಸೆಲ್ಲ ನಕ್ತು.
ನಾ ನಗಲಿಲ್ಲ. ಬಾಯಿ ಒಣಗಿತ್ತು.

ಬಂದ್ಲು. ಒಂದು ಬೂಟು ಕಾಲಾಗ, ಒಂದು ಕೈಯಾಗ,
ಹತ್ತಿ ಎಲ್ಲೋ ಉದುರಿತ್ತು.
'ರಾಡ್ಯಾಗ ಹೆಜ್ಜಿ ನೋಡಿದೆ,' ತೇಕತ ಅಂದ್ಲು,
'ನಾಯೀದಲ್ಲ. ನಾಯೀದಲ್ಲ ಅದು.
ಮುಂದಿನ ಕಾಲು ದೊಡ್ಡದು, ಹಿಂದಿಂದು ಸಣ್ಣದು.'
'ಕತ್ತೆಕಿರುಬ' ಅಂದ ಕಂಡಕ್ಟರ್, ಮೆಲ್ಲಕ,
'ಈ ರೂಟಿಗೆ ಬಂದು ಆರು ವರ್ಷ ಆತು,
ಒಂದಿನಾನೂ ಇಳಿದು ನೋಡಿಲ್ಲ.'
ಆಮ್ಯಾಲ ಮೂರು ಚೀಟಿ ಹರದ.

ಸೋಮವಾರ ಸೀರಿ ಅಂಚಿನ ತುಂಬ ಉತ್ತರಾಣಿ ಕಾಳು.
ಸೂಜೀಲೆ ಒಂದೊಂದೇ ಬಿಡಿಸಿ
ಗುಂಡಿ ಡಬ್ಬ್ಯಾಗ ಹಾಕಿದೆ.
ಜಂಪರದಾಕಿ ಬಂದು ಡಬ್ಬಿ ನೋಡಿದ್ಲು,
ನನ್ನ ಮಾರಿ ನೋಡಿದ್ಲು,
ತೋಳಿನ ಸುದ್ದೀನ ತಗೀಲಿಲ್ಲ.
'ಎಷ್ಟಕ್ಕ ಐತಿ ಬಸ್ಸು?'

ಏಳೂವರಿಗೆ, ಅಂದೆ. ಎಂಟಕ್ಕ ಬರ್ತದ.