ಹುಸೇನವ್ವನ ಬೂದಿ

ಪಶು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ
ಹಗ್ಗ ಹಿಡಿದವನು ನಾನು, ಸೂಜಿ ಹಿಡಿದವನಲ್ಲ.
ಡಾಕ್ಟರು ಚೀಟಿ ಬರೆಯುವಾಗ
ಎಮ್ಮೆಯ ಮೂಗು ನನ್ನ ಮುಷ್ಟಿಯಲ್ಲಿ.
ಹಾಗೆ ನಿಂತು ಕಲಿತ ವಿದ್ಯೆ. ಜಂಬ ಮಾತ್ರ ಪೂರ್ತಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿಗೆ
ಮನೆ ಬದಲಿಸಿದ ವರ್ಷ
ಎದುರು ಭಟ್ಟಿಯಲ್ಲಿ ಜರಡಿ ಹಿಡಿದ ಹುಸೇನವ್ವ,
ಅವಳ ಕಾಲಬುಡದಲ್ಲಿ ಅರಿಶಿನ ಬಣ್ಣದ ಹೆಣ್ಣುನಾಯಿ.
ಹೆಸರು ನರ್ಗೀಸಿ. ಊರಿಗೆ ತಕ್ಕ ಹೆಸರೇ.
ಮೂರು ಹೊತ್ತೂ ಕೆರೆತ:
ಕಿವಿಯ ಹಿಂದೆ, ಬಗಲು, ಬಾಲದ ಬುಡ,
ಹೊಲಿಗೆ ಮಿಷನ್ನಿನ ಹಾಗೆ ಟಕಟಕಟಕ.

‘ಪೌಡರ್ ತಂದುಕೊಡ್ಲಾ?’ ಅಂದೆ.
‘ನೆಕ್ಕತತಿ ಅದು. ನಿನ್ ಪೌಡ್ರು ಹೊಟ್ಟಿಗೆ ಹೋಗತತಿ.
ಸುಮ್ಕಿರಪ್ಪಾ ಕಾಂಪೌಂಡ್ರು.’

ಕಾಂಪೌಂಡರ್ ಅಲ್ಲ ನಾನು ಅಂತ ಹೇಳಲಿಲ್ಲ.

ಮಾರನೆಯ ದಿನ ನಾಯಿಯನ್ನು ಮುಟ್ಟಲೇ ಇಲ್ಲ ಅವಳು.
ಅದು ಮಲಗುವ ಗೋಣಿತಾಟು ಎಳೆದು
ತಗಡಿನ ಮೇಲೆ ಏಪ್ರಿಲ್ ಬಿಸಿಲಿಗೆ ಹಾಸಿದಳು,
ಮಧ್ಯಾಹ್ನ ಮಗುಚಿ ಹಾಕಿದಳು, ರೊಟ್ಟಿ ಮಗುಚಿದಂತೆ.
ಹಾಸುಗಲ್ಲಿನ ಸಂದಿ ಸಂದಿಯ ಕಸ
ಮೋಟು ಪೊರಕೆಯಲ್ಲಿ ಗೀರಿ ತೆಗೆದು ಒಲೆಗೆ ಸುರಿದಳು.
ಚಟ್, ಚಟ್.
ಮೊಟ್ಟೆ ಸಿಡಿದವೋ, ಕಸದಲ್ಲಿದ್ದ ಮಂಡಕ್ಕಿ ಕಾಳೋ,
ಅವಳು ನಕ್ಕಳು, ಅಷ್ಟೇ.
‘ಚಿಗಟ ನಾಯೀದಲ್ಲಪ, ನೆಲದ್ದು.
ನಾಯಿ ಅದಕ್ಕೆ ಬರೇ ಖಾನಾವಳಿ.’

ಆಮೇಲೆ ಬೂದಿ.
ಟೈರು ಉರಿಸಿದ ಭಟ್ಟಿಯದ್ದು ಬೇಡ,
ಬರೀ ಭತ್ತದ ಹೊಟ್ಟಿನದ್ದು, ಹಳೇ ದುಪ್ಪಟ್ಟಾದಲ್ಲಿ ಸೋಸಿ
ಸಂದಿಗೆ ತುಂಬಿದಳು, ಗೋಣಿಯ ಕೆಳಗೆ ಹರಡಿದಳು.
ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಿನ ಸ್ನಾನ.
ಸಂಜೆ ಸಂಜೆ ಹೇನಿನ ಬಾಚಣಿಗೆ,
ಪಕ್ಕದಲ್ಲಿ ಒಂದು ಲೋಟ ಸೋಪಿನ ನೀರು.
ಸಿಕ್ಕಿದ್ದನ್ನೆಲ್ಲ ಮುಳುಗಿಸಿ, ಎಣಿಸಿ,
ಮಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು:
ನಲವತ್ತೊಂದು.

ಸಾಹುಕಾರ ಗುರುಸಿದ್ದಪ್ಪ ಬಂದವನೇ ಗೋಡೆ ನೋಡಿದ.
‘ನಲವತ್ತೊಂದು ಚೀಲ? ಎಲ್ಲಿ ಅದಾವು?’
ಅವಳು ಲೋಟ ಮುಂದೆ ಹಿಡಿದಳು.

ಇಪ್ಪತ್ತೆಂಟು. ಮೂವತ್ತು. ಹತ್ತೊಂಬತ್ತು.
ಒಮ್ಮೆ ಮಳೆ ಬಂದು ಬೂದಿ ಕಲಸಿ ಮತ್ತೆ ಮೂವತ್ತಾರು.
ಆ ದಿನ ಅವಳ ಎದುರು ಹಾಯಲಿಲ್ಲ ನಾನು.
ಶ್ರಾವಣಕ್ಕೆ ಏಳು.

ಕಾರ್ತಿಕದಲ್ಲಿ ನರ್ಗೀಸಿ ನಾಕು ಮರಿ ಹಾಕಿದಳು.
ತಿಂಗಳಾಗುವುದರೊಳಗೆ ತಮಟೆಯಂಥ ಹೊಟ್ಟೆ, ಕಡ್ಡಿಯಂಥ ಕಾಲು.
ಒಂದು ಕಕ್ಕಿತು: ಹಾಲು, ಹಾಲಿನ ನಡುವೆ
ಹೊರಳಾಡುವ ಶಾವಿಗೆ.
ಕುಂಬಳದ ಬೀಜ ಅರೆದು ಮಜ್ಜಿಗೆಯಲ್ಲಿ ನೆಕ್ಕಿಸಿದಳು,
ಬೇವಿನ ಚಿಗುರಿನ ರಸ ಬೆರಳಲ್ಲಿ ಅದ್ದಿ ಚೀಪಿಸಿದಳು.
ನಾನು ಒಂದರ ತುಟಿ ಎತ್ತಿ ನೋಡಿದೆ.
ವಸಡು ಸುಣ್ಣದ ಬಿಳಿ.
ಹೇಳಬೇಕಿತ್ತು. ‘ಕಾಂಪೌಂಡ್ರು’ ಅಂತಾಳೆಂದು
ಹೇಳಲಿಲ್ಲ.

ಬೆಳಗಿನ ಜಾವಕ್ಕೆ ಅದು ತಣ್ಣಗಾಗಿತ್ತು.

ಕದ ಬಡಿದಾಗ ಅವಳ ಕೈಗೆ ಮಣ್ಣು ಮೆತ್ತಿತ್ತು.
‘ನಿನ್ ಬಾಟ್ಲಿ ತಾ’ ಅಂದಳು.
ಬೂದಿಯ ಮಾತು ಅವಳು ಎತ್ತಲಿಲ್ಲ,
ತುಟಿ ಎತ್ತಿದ ಮಾತು ನಾನು.

‘ತೂಕ ಎಷ್ಟು? ತೂಕ ನೋಡದೆ ಕುಡಿಸಬೇಡಿ’ ಅಂದರು ಡಾಕ್ಟರಮ್ಮ ಫೋನಿನಲ್ಲಿ.
ಮಂಡಕ್ಕಿ ತೂಗುವ ತಕ್ಕಡಿ ಇಳಿಸಿದೆವು.
ಒಂದು ತಟ್ಟೆಯಲ್ಲಿ ಕಬ್ಬಿಣದ ಕಲ್ಲು,
ಇನ್ನೊಂದರಲ್ಲಿ ಮರಿ, ಉಚ್ಚೆ ಹೊಯ್ಯುತ್ತ.
ಒಂದು ಕೆಜಿ ಇನ್ನೂರು. ಒಂದು ಕೆಜಿ ನೂರು.
ಮೂರನೆಯದು ಕೆಜಿಗೂ ಕಮ್ಮಿ;
ಮುಳ್ಳು ನಡುಗುವುದು ನಿಲ್ಲುವವರೆಗೂ
ಇಬ್ಬರೂ ಉಸಿರು ಬಿಡಲಿಲ್ಲ.

ಈಗ ಮೂರೂ ಭಟ್ಟಿಯ ಹೊಟ್ಟಿನ ರಾಶಿ ಹತ್ತಿ ಜಾರುತ್ತವೆ.
ತಿಂಗಳಿಗೊಮ್ಮೆ ತಕ್ಕಡಿ, ಬಾಟಲಿ, ನಾನು.
ಬಾಚಣಿಗೆ, ಬೂದಿ, ಬಿಸಿಲು ಅವಳ ಪಾಲು.
ನಿನ್ನೆ ಲೋಟ ಖಾಲಿ, ನೀರು ತಿಳಿ.
‘ಸೊನ್ನೆ ಬರಿ’ ಅಂದೆ.
‘ಬರೀಬಾರ್ದು’ ಅಂದಳು ದನಿ ತಗ್ಗಿಸಿ,
‘ಕೇಳಿಸ್ಕಂತಾವು.’

ರಾತ್ರಿ ನನ್ನ ಕಾಲಿನ ಹರಡಿನ ಮೇಲೆ
ಏನೋ ಹಾರಿದ ಹಾಗಾಯಿತು.